ಬಸವನ ಕಂಡಿ

"ಗುರುಗಳೇ, ಒಳ್ಳೆಯ ಕಾನೂನು ಎಂದರೆ ಯಾವುದು?" ಎಂದು ಚನ್ನವೀರ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಮಠದಲ್ಲೇ ಓದಿ ಬೆಳೆದ ಅವನನ್ನು ಅರಸರು ಕರೆಸಿಕೊಂಡು, ಹೊಲ ಉಳುವವರಿಗೂ ದನ ಸಾಕುವವರಿಗೂ ಸೇರಿ ಒಂದು ಕಾನೂನು ಬರೆದುಕೊಡು ಎಂದಿದ್ದರು. ಆರು ತಿಂಗಳು ಕೂತು ಬರೆದಿದ್ದ. ಓಲೆಯ ಕಟ್ಟು ಅವನ ತೊಡೆಯ ಮೇಲಿತ್ತು. ನಾಳೆ ಅದನ್ನು ಅರಮನೆಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ನಾಡಿನ ಎಲ್ಲ ಹೊಲಗಳಿಗೂ ಎಲ್ಲ ಕೊಟ್ಟಿಗೆಗಳಿಗೂ ಅದೇ ಮಾತು. ಗುರುಗಳು ಒಮ್ಮೆ ಚೆನ್ನಾಗಿದೆ ಎಂದುಬಿಟ್ಟರೆ ಸಾಕು ಎಂಬುದು ಅವನ ಆಸೆ.

ಗುರುಗಳು ಕಟ್ಟನ್ನು ಬಿಚ್ಚಲಿಲ್ಲ. ಮಧ್ಯಾಹ್ನದ ಊಟವಾಗಿತ್ತು. ಹೊಂಗೆಯ ನೆರಳು ಜಗಲಿಯವರೆಗೂ ಬಂದಿತ್ತು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದರೇನೋ ಎಂದು ಚನ್ನವೀರ ಅಂದುಕೊಳ್ಳುವಷ್ಟರಲ್ಲಿ ಕತೆ ಶುರುವಾಗಿತ್ತು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಒಂದು ತುಂಡು ಹೊಲ, ಒಂದು ಹಸು, ಇಷ್ಟೇ ಅವನ ಬದುಕು. ಆ ಊರಿನಲ್ಲಿ ಒಂದು ಬಸವ ಇತ್ತು. ಯಾರೋ ಯಾವ ಕಾಲದಲ್ಲೋ ದೇವರ ಹೆಸರಿನಲ್ಲಿ ಬಿಟ್ಟ ಬಿಳಿಯ ಗೂಳಿ. ಬಿಟ್ಟವರು ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ಅಜ್ಜನ ಹೆಸರು ಹೇಳುತ್ತಿದ್ದರು. ಅದು ನಡೆದು ಬರುವುದನ್ನು ಕಂಡವರಿಲ್ಲ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಯಾರದೋ ಹೊಲದಲ್ಲಿ ನಿಂತಿರುತ್ತಿತ್ತು, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ. ನಾಲ್ಕು ಬಾಯಿ ಮೇದು ಮುಂದಿನ ಹೊಲಕ್ಕೆ ಹೋಗುತ್ತಿತ್ತು. ಊರಿನ ಕರುಗಳೆಲ್ಲ ಅದರ ಕರುಗಳೇ.

ಆ ಊರಿನವರು ಮುಳ್ಳಿನ ಬೇಲಿ ಹಾಕುವಾಗ ಒಂದು ಕಡೆ ಅದರ ಮೈ ಹಿಡಿಯುವಷ್ಟು ಜಾಗ ಬಿಡುತ್ತಿದ್ದರು. ಅದಕ್ಕೆ ಬಸವನ ಕಂಡಿ ಎಂದು ಹೆಸರು. ಎಷ್ಟು ಅಗಲ ಎಂದು ಯಾರೂ ಅಳೆದಿರಲಿಲ್ಲ. ಬಸವನಿಗೆಂದು ಬಿಟ್ಟ ದಾರಿಯಲ್ಲಿ ಮನುಷ್ಯರೂ ಓಡಾಡುತ್ತಿದ್ದರು. ಪಕ್ಕದ ಹೊಲದವನು ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಆ ಕಂಡಿಯಲ್ಲೇ ರೈತನ ಕಡೆಗೆ ಬರುತ್ತಿದ್ದ. ಇವನ ಚಟ್ನಿ ಅವನಿಗೆ, ಅವನ ಮಜ್ಜಿಗೆ ಇವನಿಗೆ. ಹನ್ನೊಂದು ವರ್ಷ ಹೀಗೇ ಕಳೆದಿತ್ತು. ಇದಕ್ಕೆ ಸ್ನೇಹ ಎನ್ನುತ್ತಾರೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ನಾಡಿನ ಅರಸ ಒಳ್ಳೆಯವನು. ಅವನ ಹತ್ತಿರ ಒಂದು ದೂರು ಬಂತು. ದೊಡ್ಡವರು ತಮ್ಮ ದನಗಳ ಹಿಂಡನ್ನು ಬಡವರ ಪೈರಿಗೆ ನುಗ್ಗಿಸುತ್ತಾರೆ, ಕೇಳಲು ಹೋದರೆ ಅವು ನಮ್ಮವಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ ಎಂದು. ದೂರು ನಿಜವೇ ಆಗಿತ್ತು. ಮಂತ್ರಿ ಕಾನೂನು ಬರೆದ. ಹುಲ್ಲು ಮೇಯುವ ಪ್ರತಿ ಪ್ರಾಣಿಗೂ ಒಬ್ಬ ಒಡೆಯನ ಹೆಸರಿರಬೇಕು, ಅದು ತಿಂದ ಪೈರಿಗೆ ಆ ಒಡೆಯನೇ ಹೊಣೆ. ಒಡೆಯನಿಲ್ಲದ್ದನ್ನು ಅರಮನೆಯ ದೊಡ್ಡಿಗೆ ಹೊಡೆದು ಹರಾಜು ಹಾಕಬೇಕು. ಸಣ್ಣ ರೈತರೆಲ್ಲ ಕೇಳಿ ಸಂತೋಷಪಟ್ಟರು. ನಮ್ಮ ರೈತನೂ ಸಂತೋಷಪಟ್ಟ. ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ.

ಹೆಸರು ಬರೆದುಕೊಳ್ಳಲು ಅಧಿಕಾರಿ ಊರಿಗೆ ಬಂದ. ಬೆಳಿಗ್ಗೆಯಿಂದ ಬರೆದ. ಹೊತ್ತು ನೆತ್ತಿಗೆ ಬರುವಾಗ ಬಸವ ಒಂದೇ ಉಳಿದಿತ್ತು. ಚಾವಡಿಯ ಮುಂದೆ ನಿಂತು ಮೆಲುಕು ಹಾಕುತ್ತಿತ್ತು.

"ಇದು ಯಾರದು?"

"ಊರಿಂದು, ಬುದ್ದಿ."

"ಊರು ಅನ್ನೋ ಹೆಸರಿನವನು ಯಾರು? ಮುಂದಕ್ಕೆ ಬರಲಿ."

ಅಧಿಕಾರಿ ಕೆಟ್ಟವನಲ್ಲ. ಅವನ ಓಲೆಯಲ್ಲಿ ಊರಿಗೆ ಜಾಗವಿರಲಿಲ್ಲ, ಅಷ್ಟೇ. ಅವನು ಹಗ್ಗ ತರಲು ಹೇಳಿದ. ರೈತ ಜನರ ನಡುವಿನಿಂದ ಮುಂದೆ ಬಂದ. "ನನ್ನ ಹೆಸರು ಬರ್ಕೊಳ್ಳಿ, ಬುದ್ದಿ" ಎಂದುಬಿಟ್ಟ.

ಬಸವ ಉಳಿಯಿತು. ಊರವರೆಲ್ಲ ರೈತನ ಬೆನ್ನು ತಟ್ಟಿದರು. ಒಬ್ಬ ಮುದುಕಿ ಬಸವನ ಹಣೆಗೆ ಅರಿಶಿನ ಕುಂಕುಮ ಇಟ್ಟು, ಇವನ ಕೈಗೊಂದು ಬಾಳೆಹಣ್ಣು ಕೊಟ್ಟಳು.

ನಾಲ್ಕು ದಿನ ಕಳೆಯಿತು. ಬಸವ ಎಂದಿನಂತೆ ಪಕ್ಕದ ಹೊಲದಲ್ಲಿ ನಾಲ್ಕು ಬಾಯಿ ಮೇಯಿತು. ಆ ಹೊಲದವನು ಹನ್ನೊಂದು ವರ್ಷದಿಂದ ಅದನ್ನು ನೋಡಿಕೊಂಡೇ ಬಂದವನು. ಅಂದು ಯಾಕೋ ಆ ಬಾಯಿ ಅವನಿಗೆ ದೊಡ್ಡದಾಗಿ ಕಂಡಿತು. ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ, "ನಿನ್ನ ಬಸವ ಬಂದಿತ್ತು ಕಣಪ್ಪ" ಎಂದ. ಇಬ್ಬರೂ ನಕ್ಕರು. ನಕ್ಕ ಮೇಲೆ ಯಾರಿಗೂ ಅನ್ನ ರುಚಿಸಲಿಲ್ಲ.

ರೈತನೂ ಅದೇ ರೈತನಾಗಿ ಉಳಿಯಲಿಲ್ಲ. ಒಂದು ದಿನ ಯಾರೋ ಬೆದೆಗೆ ಬಂದ ಹಸುವನ್ನು ಬಸವನ ಹತ್ತಿರ ಹೊಡೆದುಕೊಂಡು ಬಂದರು. "ಬರಿಗೈಯಲ್ಲಿ ಬಂದ್ರಾ? ಒಂದು ಹೊರೆ ಹುಲ್ಲಾದ್ರೂ ತರಬಾರ್ದಾ?" ಎಂಬ ಮಾತು ಕೇಳಿಸಿತು. ಆಡಿದವನು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು. ನಾಚಿಕೆಯೂ ಆಯಿತು. ಆದರೂ ಆ ಹುಲ್ಲು ಬಂದಾಗ ಬೇಡ ಎನ್ನಲಿಲ್ಲ.

ಊರಿನ ಬೇಲಿಗಳಲ್ಲಿ ಕಂಡಿಗಳು ಒಂದೊಂದಾಗಿ ಮುಚ್ಚಿದವು. ಯಾರೋ ಒಬ್ಬರ ಬಸವನಿಗೆ ತಾವೇಕೆ ದಾರಿ ಬಿಡಬೇಕು? ಪಕ್ಕದ ಹೊಲದವನು ಎಲ್ಲರಿಗಿಂತ ಕೊನೆಯಲ್ಲಿ ಮುಚ್ಚಿದ. ರೈತ ಸಂತೆಗೆ ಹೋದ ದಿನ ನೋಡಿ ಮುಳ್ಳು ಎಳೆದ. ಆಮೇಲೆ ಊಟಕ್ಕೆ ಬರಬೇಕಾದರೆ ಹೊಲವನ್ನೆಲ್ಲ ಸುತ್ತಿ ಬರಬೇಕಾಯಿತು. ಎರಡು ದಿನ ಸುತ್ತಿ ಬಂದ. ಮೂರನೆಯ ದಿನ ಬಿಸಿಲು ಜೋರಾಗಿತ್ತು. ರೈತ ಚಟ್ನಿಯನ್ನು ಎರಡು ಪಾಲು ಮಾಡಿಟ್ಟುಕೊಂಡು ಕಾದ. ಸಂಜೆಗೆ ಒಂದು ಪಾಲನ್ನು ಕಾಗೆಗಳಿಗೆ ಹಾಕಿ ಮನೆಗೆ ಹೋದ. ಮರುದಿನ ಬಸವನ ಕೊರಳಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ.

ಬಸವ ಜಗ್ಗಲಿಲ್ಲ. ಹಗ್ಗ ಬಿಟ್ಟಷ್ಟು ದೂರ ನಡೆಯುತ್ತಿತ್ತು, ನಿಲ್ಲುತ್ತಿತ್ತು, ತಿರುಗುತ್ತಿತ್ತು. ಹಸುವಿನ ಮೇವನ್ನು ಇವನು ಅದಕ್ಕೂ ಹಂಚಿದ. ಎರಡು ವರ್ಷಕ್ಕೆ ಹಸುವೂ ಬಡವಾಯಿತು, ಬಸವನೂ ಬಡವಾಯಿತು. ಕಣ್ಣು ಮುಚ್ಚಿದರೆ ರೈತನಿಗೆ ಹಳೆಯ ಬೆಳಗು ಕಾಣುತ್ತಿತ್ತು. ಮಂಜಿನ ನಡುವೆ ಎಲ್ಲರ ಹೊಲದಲ್ಲೂ ಒಂದೇ ಹೊತ್ತಿಗೆ ಒಂದೊಂದು ಬಿಳಿಯ ಬಸವ ನಿಂತಿರುತ್ತಿತ್ತು. ಕಣ್ಣು ತೆರೆದರೆ ಗೂಟ.

ಕಡೆಗೆ ಅವನು ನಡೆದುಕೊಂಡೇ ಅರಮನೆಗೆ ಹೋದ. ಎಷ್ಟು ದಿನ ನಡೆದನೋ ಅವನಿಗೇ ನೆನಪಿಲ್ಲ. "ನನ್ನ ಹೆಸರು ಅಳಿಸಿಬಿಡಿ, ಮಹಾಸ್ವಾಮಿ. ಅದು ಊರಿನದು" ಎಂದ. ಎಲ್ಲವನ್ನೂ ಕೇಳಿದ ಅರಸನ ಕಣ್ಣು ಒದ್ದೆಯಾಯಿತು. ಕೂಡಲೇ ಹೊಸ ಕಾನೂನು ಬರೆಸಿದ. ಊರ ಬಸವನಿಗೆ ಒಡೆಯ ಬೇಡ, ಪ್ರತಿ ಬೇಲಿಯಲ್ಲೂ ಅದಕ್ಕಾಗಿ ಮೂರು ಮೊಳದ ಕಂಡಿ ಇರತಕ್ಕದ್ದು, ಬಿಡದವರಿಗೆ ದಂಡ. ರೈತ ಊರು ಸೇರುವ ಮೊದಲೇ ಅಧಿಕಾರಿ ಸೇರಿದ್ದ. ಮುಚ್ಚಿದ್ದ ಕಂಡಿಗಳನ್ನೆಲ್ಲ ತೆಗೆಸಿ, ಕೋಲು ಹಿಡಿದು ಒಂದೊಂದನ್ನೂ ಅಳೆದ. ಎಲ್ಲವೂ ಸರಿಯಾಗಿ ಮೂರು ಮೊಳವಿದ್ದವು.

ರೈತ ಓಡುತ್ತಾ ಹೋಗಿ ಹಗ್ಗ ಬಿಚ್ಚಿದ. ಬಸವ ನಡೆಯಿತು. ಹಗ್ಗ ಇದ್ದಿದ್ದರೆ ಎಷ್ಟು ದೂರವೋ ಅಷ್ಟೇ ದೂರ ನಡೆದು ನಿಂತಿತು. ಬೇಲಿಯ ಆ ಕಡೆ ಪಕ್ಕದ ಹೊಲದವನು ಒಂದು ಹಿಡಿ ಹಸಿರು ಜೋಳದ ಕಡ್ಡಿ ಹಿಡಿದು ನಿಂತಿದ್ದ. "ಬಾರಪ್ಪ, ಬಾ" ಎಂದು ಕರೆದ. ಬಸವ ಅವನನ್ನು ನೋಡಿತು, ಕಂಡಿಯನ್ನು ನೋಡಿತು, ತಿರುಗಿ ಗೂಟದ ಹತ್ತಿರ ಬಂದು ಮಲಗಿತು.

ಕಂಡಿಯ ಈ ಕಡೆ ರೈತ, ಆ ಕಡೆ ಅವನು. ಮಧ್ಯಾಹ್ನವಾಗಿತ್ತು. ಇಬ್ಬರ ಬುತ್ತಿಯೂ ಅವರವರ ಮರದಲ್ಲಿ ತೂಗುತ್ತಿತ್ತು. ಊಟ ಮಾಡೋಣ ಬಾ ಎಂದು ಒಬ್ಬರು ಅಂದಿದ್ದರೆ ಸಾಕಿತ್ತು. ರೈತನಿಗೆ ಅಳು ಬಂತು, ಆ ಮಾತು ಮಾತ್ರ ಬರಲಿಲ್ಲ. ಅವನಿಗೂ ಬರಲಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಹೊಂಗೆಯ ನೆರಳು ಜಗಲಿ ದಾಟಿ ಒಳಗೆ ಬಂದಿತ್ತು. ಅಂಗಳದಲ್ಲಿ ಏನೋ ಬಿಳಿಯದು ನಿಂತ ಹಾಗೆ ಚನ್ನವೀರನಿಗೆ ತೋರಿತು. ಕಣ್ಣುಜ್ಜಿಕೊಂಡು ನೋಡಿದ. ಒಣಗಲು ಹಾಕಿದ್ದ ಪಂಚೆ.

ಅವನು ಓಲೆಯ ಕಟ್ಟನ್ನು ಮುಂದಕ್ಕೆ ಸರಿಸಿದ. "ಆ ಮಂತ್ರಿ ಆತುರಪಟ್ಟ, ಗುರುಗಳೇ. ನಾನು ಹಾಗೆ ಮಾಡಿಲ್ಲ. ಊರ ಬಸವಗಳಿಗೆ ಅರಮನೆಯೇ ಒಡೆಯ ಎಂದು ಮೊದಲೇ ಬರೆದಿದ್ದೇನೆ. ಅವುಗಳ ಮೇವಿಗೇ ಒಂದು ಅಧ್ಯಾಯವಿದೆ. ನೀವೇ ನೋಡಿ, ಇಡೀ ಕಟ್ಟಿನಲ್ಲಿ ಎಲ್ಲೂ ಒಂದು ಕಂಡಿ ಬಿಟ್ಟಿಲ್ಲ."

ಗುರುಗಳು ಕಣ್ಣು ತೆರೆದರು.

"ಹಾಗಾದರೆ ಬಸವ ಎಲ್ಲಿಂದ ಬರಬೇಕು, ಮಗು?"

ಚನ್ನವೀರ ಓಲೆಯ ಕಟ್ಟನ್ನು ಮತ್ತೆ ತನ್ನ ತೊಡೆಯ ಮೇಲೆ ಎಳೆದುಕೊಂಡ.