ಹತ್ತನೆಯ ದಿನದ ಕತ್ತರಿ

ಹತ್ತಿರ ಬರ್ರಿ, ಕೂತು ಕೇಳ್ರಿ. ನಿಮಗೆ ಕೂಡಾಕ ಜಾಗ ಐತಿ, ಪುಣ್ಯವಂತರು. ಈ ಕಥೆಯ ಹೆಣ್ಣುಮಗಳಿಗೆ ಅದೊಂದೇ ಇರಲಿಲ್ಲ.

ಒಂದು ರಾಜ್ಯದಲ್ಲಿ, ದೊರೆಯ ಅಡುಗೆಮನೆಯಲ್ಲಿ, ಸಂಕವ್ವ ಅನ್ನೋ ವಿಧವೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕೀಲುನೋವು. ಬೆಳಿಗ್ಗೆ ಬೆರಳು ಮಡಚುತ್ತಿರಲಿಲ್ಲ, ಮೊಣಕಾಲು ಊದುತ್ತಿತ್ತು. ಪಾಪ, ಕೆಂಡಕ್ಕೆ ಕೈ ಕಾಸಿಕೊಂಡು, ಅಂಗೈಯ ಬುಡದಿಂದ ಬಡಿಯೋದು ಕಲಿತಿದ್ದಳು. ಅವಳ ರೊಟ್ಟಿ ಎಲ್ಲರದಕ್ಕಿಂತ ತೆಳ್ಳಗೆ ಬರುತ್ತಿತ್ತು. ನಿಲ್ಲೋದೊಂದೇ ಆಗುತ್ತಿರಲಿಲ್ಲ. ಆ ಕೆಲಸ ಹೋದರೆ ಅವಳ ಹೊಟ್ಟೆಗೆ ಬೇರೆ ಒಲೆಯಿಲ್ಲ.

ಅಲ್ಲಿಯ ಕಟ್ಟಳೆ ಕೇಳ್ರಿ. ಅಡುಗೆಮನೆಯಲ್ಲಿ ಎಲ್ಲರೂ ನಿಂತೇ ದುಡಿಯಬೇಕು. ಕಾಯಿಲೆ ಬಿದ್ದವರಿಗೆ ಅರಮನೆ ವೈದ್ಯರು ಕೆಂಪು ದಾರ ಕಟ್ಟುತ್ತಾರೆ. ದಾರ ಇರುವ ತನಕ ಪೀಠದ ಮೇಲೆ ಕೂಡಬಹುದು. ಹತ್ತನೆಯ ದಿನ ಪಾರುಪತ್ಯಗಾರ ರಾಚಪ್ಪ ಬಂದು ದಾರ ಕತ್ತರಿಸುತ್ತಾನೆ. ಕತ್ತರಿಸಿದರೆ ಕಾಯಿಲೆ ಹೋಯಿತು ಅಂತ. ಮೊಣಕಾಲಿಗೆ ಈ ಕಟ್ಟಳೆ ಯಾರು ಹೇಳಬೇಕು?

ಮೊದಲನೆಯ ದಾರ ಕತ್ತರಿಸಿದಾಗ ರಾಚಪ್ಪ ಅಂದ, “ಆರಾಮಾತಲ್ಲ, ಏಳು.” “ಬೆರಳು ಇನ್ನೂ ಮಡಚಂಗಿಲ್ರಿ,” ಅಂತ ಸಂಕವ್ವ ಹಲ್ಲುಕಚ್ಚಿ ಎದ್ದಳು. ನೋವು ತಡೆಯಲಾರದೆ ಮತ್ತೆ ವೈದ್ಯರ ಹತ್ತಿರ ಹೋದಳು.

ಎರಡನೆಯ ದಾರ ಕತ್ತರಿಸೋ ದಿನ ಅವಳ ಕೈ ಒಂಚೂರು ಹಗುರಾಗಿತ್ತು. ಪಕ್ಕದವಳ ಜೊತೆ ನಗುತ್ತಿದ್ದಳು.

“ನಿನ್ನೆ ಅಳು, ಇವತ್ತು ನಗು. ಇದೆಂಥಾ ಬ್ಯಾನಿ?” ಅಂದ ರಾಚಪ್ಪ.

“ಬರ್ತೈತ್ರಿ, ಹೋಗ್ತೈತ್ರಿ. ಪೂರಾ ಹೋಗಂಗಿಲ್ರಿ.”

“ಹಂಗಾದ್ರ ಅದು ಬ್ಯಾನಿ ಅಲ್ಲ, ನಾಟಕ.”

ನಕ್ಕರೆ ನಾಟಕ, ಅತ್ತರೆ ಮೈಗಳ್ಳತನ. ಪಾಪದವಳು ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳ್ರಿ.

ಬೆರಳಿಗೆ ಆಗಂಗಿಲ್ರಿ ಅಂದರೂ ಕೇಳದೆ ಮೂರನೆಯ ದಾರವನ್ನೂ ಕತ್ತರಿಸಿ, ರಾಚಪ್ಪ ಅವಳ ಪೀಠ ಎತ್ತಿ ಒಲೆಗೆ ಹಾಕಿದ. “ಒಂದೇ ಬ್ಯಾನಿಗೆ ಮೂರು ದಾರ ಸಾಕು. ನಿಂದ್ರು, ಇಲ್ಲಾ ಹೊರಡು.” ಸಂಕವ್ವ ನಿಂತಳು. ತನ್ನ ಪೀಠದ ಬೆಂಕಿಯಲ್ಲೇ ರೊಟ್ಟಿ ಬೇಯಿಸಿದಳು. ಮಧ್ಯಾಹ್ನದ ಹೊತ್ತಿಗೆ ಕುಸಿದು ಬಿದ್ದಳು.

ಆಳನ್ನು ಕೆಲಸದಿಂದ ಬಿಡಿಸೋ ಮಾತು ದೊರೆಯ ಬಾಯಿಂದಲೇ ಬರಬೇಕು. ರಾಚಪ್ಪ ಅವಳನ್ನು ದೊರೆಯ ಮುಂದೆ ಎಳೆದೊಯ್ದ. ದೊರೆ ಬಲಗಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ. ಕಾಲು ಕುಂಬಳಕಾಯಿಯಂಗೆ ಊದಿತ್ತು. ಪಾದದ ಗಂಟಿಗೆ ಮಾಸಿದ ಕೆಂಪು ದಾರ. ಆಸ್ಥಾನದವರೆಲ್ಲ ದಿನಾ ನೋಡುತ್ತಿದ್ದರು. ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಸಂಕವ್ವ ಕೇಳಿದಳು, “ರಾಚಪ್ಪನವರ, ಹತ್ತನೇ ದಿನದ ಕಟ್ಟಳೆ ಈ ಅರಮನಿಯೊಳಗ ಎಲ್ಲಾರಿಗೂ ಒಂದೇ ಏನ್ರಿ?”

ದೊರೆಯ ಎದುರಿಗೆ ರಾಚಪ್ಪ ಎದೆಯುಬ್ಬಿಸಿದ. “ಎಲ್ಲಾರಿಗೂ ಒಂದೇ. ಯಾರದಿದ್ರೂ ಕತ್ತರಿಸ್ತೀನಿ.”

“ಹಂಗಾದ್ರ ಕತ್ತರಿ ತಗೀರಿ.” ಸಂಕವ್ವ ದೊರೆಯ ಕಾಲು ತೋರಿಸಿದಳು.

ರಾಚಪ್ಪ ಕತ್ತರಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ದೊರೆ ಮೆಲ್ಲಗೆ ಕೇಳಿದ, “ಈ ದಾರ ಕಟ್ಟಿ ಏಳು ವರ್ಷ ಆತು ರಾಚಪ್ಪ. ನಂದೂ ನಾಟಕ ಏನು?”

ದೊರೆ ಆಗಲೇ ಅಪ್ಪಣೆ ಕೊಟ್ಟ. ಸಂಕವ್ವನಿಗೆ ಹೊಸ ಪೀಠ, ಅವಳ ಪಕ್ಕದ ಒಲೆಯಲ್ಲಿ ದುಡಿಯೋಕೆ ರಾಚಪ್ಪ, ದಾರ ಕತ್ತರಿಸೋ ಅವನ ಕತ್ತರಿ ಅವಳ ಕೈಗೆ. ಎಲ್ಲರೂ ಭಲೇ ಅಂದರು. ಇಷ್ಟು ದಿನ ಸಂಕವ್ವ ಹೇಳಿದ್ದನ್ನ ಯಾರೂ ನಂಬಿರಲಿಲ್ಲ. ದೊರೆಯ ಕಾಲು ಹೇಳಿದ ಕೂಡಲೇ ನಂಬಿದರು. ಇದನ್ನ ನೆನೆಸಿದರೆ ನನಗೆ ಈಗಲೂ ಹೊಟ್ಟೆ ಉರೀತದೆ.

ಒಲೆ ಮುಂದೆ ನಿಂತ ನಾಲ್ಕನೇ ದಿನಕ್ಕೆ ರಾಚಪ್ಪನ ಸೊಂಟ ಹಿಡಿಯಿತು. ವೈದ್ಯರು ದಾರ ಕಟ್ಟಿದರು. ಹತ್ತನೆಯ ದಿನ ಬಂತು, ಸೊಂಟ ಬಿಡಲಿಲ್ಲ. ಅವನು ದಾರ ಕಟ್ಟಿದ ಕೈಯನ್ನು ಸಂಕವ್ವನ ಮುಂದೆ ಚಾಚಿದ. “ಯವ್ವಾ, ಇನ್ನೂ ನೋವೈತಿ.”

ಸಂಕವ್ವ ಕತ್ತರಿ ಎತ್ತಿಕೊಳ್ಳಲು ನೋಡಿದಳು. ಅದು ಕೈಯಿಂದ ಜಾರಿ ಬಿತ್ತು.

“ಹೋಗ್ರಿ, ಕೂಡ್ರಿ,” ಅಂದಳು. “ಕತ್ತರಿ ಹಿಡಿಯಾಕ ನನ್ನ ಬೆರಳಿಗೆ ಆಗಂಗಿಲ್ಲ. ಮೂರು ಸಲ ನಿಮಗ ಹೇಳಿದ್ನಲ್ರಿ.”

ರಾಚಪ್ಪ ಹೋಗಿ ಪೀಠದ ಮೇಲೆ ಕೂತ. ಸಂಕವ್ವನ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಆ ಕತ್ತರಿ ಒಲೆಯ ಮೂಲೆಯಲ್ಲಿ ತುಕ್ಕು ಹಿಡಿಯಿತು.

ಇದರ ನೀತಿ ಇಷ್ಟು: ಇನ್ನೊಬ್ಬರ ನೋವಿಗೆ ಗಡುವು ಹಾಕೋ ಹಕ್ಕು ಯಾರಿಗೂ ಇಲ್ಲ. ಹಾಕಿದವರಿಗೆ ತಮ್ಮ ಸೊಂಟ ಹಿಡಿದಾಗ ಗೊತ್ತಾಗ್ತದೆ. ಅಷ್ಟರಲ್ಲಿ ಎಷ್ಟು ಜನರ ಪೀಠ ಒಲೆಗೆ ಹೋಗಿರ್ತಾವೋ, ನೀವೇ ಹೇಳ್ರಿ.