ಬಿರುಕಿನ ಚಿತ್ರಕ್ಕೆ ಗಾರೆ ಹಾಕಿಸಿದ ದೊರೆ

ಒಂದಾನೊಂದು ಕೆರೆಯ ಕೆಳಗೆ ಒಂದು ಊರು. ಆ ಊರಿಗೊಬ್ಬ ದೊರೆ, ದುಂಡರಾಯ ಅಂತ. ಅವನಿಗೆ ಚಿತ್ರದ ಹುಚ್ಚು. ಅವನ ಸಭೆಯಲ್ಲಿ ಯಾರು ಬಾಯಿ ತೆರೆದರೂ ಕೈಯಲ್ಲೊಂದು ಚಿತ್ರ ಇರಬೇಕು. ಹಸಿವು ಅನ್ನಬೇಕಾದರೆ ಖಾಲಿ ತಟ್ಟೆಯ ಚಿತ್ರ. ಹೊಟ್ಟೆನೋವು ಅನ್ನಬೇಕಾದರೆ ಹೊಟ್ಟೆಯ ಚಿತ್ರ. ಸೀನಿದವನೂ ಮೂಗಿನ ಚಿತ್ರ ತೋರಿಸಬೇಕು! ಇಂಥವನನ್ನು ದೊರೆ ಅನ್ನೋಕೆ ನನ್ನ ನಾಲಿಗೆ ಒಪ್ಪೋದಿಲ್ಲ. ಆದರೂ ಕತೆ ಹೇಳಬೇಕಲ್ಲ, ಹೇಳುತ್ತೇನೆ.

ಕೆರೆ ಏರಿಯ ಬುಡದಲ್ಲೇ ಸಣ್ಣೀರಮ್ಮ ಅನ್ನೋ ಮುದುಕಿಯ ಮನೆ. ಒಂದು ದಿನ ಬೆಳಗ್ಗೆ ಎದ್ದು ನೋಡುತ್ತಾಳೆ, ಏರಿಯಲ್ಲಿ ಬಿರುಕು! ಸೆರಗು ಸಿಕ್ಕಿಸಿಕೊಂಡು ಸಭೆಗೆ ಓಡಿದಳು.

"ಬುದ್ಧೀ, ಕೆರೆ ಏರಿ ಬಿರುಕು ಬಿಟ್ಟದೆ! ನನ್ ಮನೆ ಕೊಚ್ಕೊಂಡು ಹೋಯ್ತದೆ, ಊರೂ ಹೋಯ್ತದೆ!"

"ಚಿತ್ರ ಎಲ್ಲಿ?" ಅಂದ ದೊರೆ.

"ಚಿತ್ರ ಯಾಕ್ ಬುದ್ಧಿ? ಬನ್ನಿ, ಬಿರುಕನ್ನೇ ತೋರುಸ್ತೀನಿ."

"ಬಿರುಕು ಸಭೆಗೆ ಬರುತ್ತದೆಯೇ? ಬರುವುದಿಲ್ಲ. ಚಿತ್ರ ಬರುತ್ತದೆ. ತೆಗೆದುಕೊಂಡು ಬಾ."

ಸಣ್ಣೀರಮ್ಮ ಮನೆಗೆ ಓಡಿದಳು. ಹಳೇ ಪಂಚೆಯ ಮೇಲೆ ಇದ್ದಲಿನಿಂದ ಕೆರೆ ಬರೆದಳು, ಏರಿ ಬರೆದಳು, ಬಿರುಕು ಬರೆದಳು. ಮತ್ತೆ ಸಭೆಗೆ ಓಡಿ ಪಂಚೆಯನ್ನು ಗೋಡೆಗೆ ತೂಗುಹಾಕಿದಳು.

"ಚಿತ್ರಕ್ಕೆ ಅಡ್ಡ ನಿಂತಿದ್ದೀಯಲ್ಲ, ಆಚೆ ಸರಿ!" ಅಂದ ದೊರೆ. ಸರಿದಳು. "ಕೋಲು ಹಿಡಿದು ತೋರಿಸು!" ತೋರಿಸಿದಳು. "ಗೋಡೆಗೆ ಹೇಳುತ್ತಿದ್ದೀಯಾ? ನಮ್ಮ ಮುಖ ನೋಡಿ ಹೇಳು!" ನೋಡಿ ಹೇಳಿದಳು. ಅಷ್ಟರಲ್ಲಿ ಅತ್ತ ಏರಿಯ ಬಿರುಕು ಇನ್ನಷ್ಟು ಬಾಯಿಬಿಟ್ಟಿತ್ತು.

ಕೊನೆಗೂ ದೊರೆಗೆ ಕಂಡಿತು. "ಅಯ್ಯಯ್ಯೋ, ಬಿರುಕು! ಕರೆಯಿರಿ ಗಾರೆಯವರನ್ನ!"

ಮುದುಕಿಗೆ ಹೋದ ಜೀವ ಬಂದಂತಾಯಿತು. ಗಾರೆಯವರು ಬಂದರು. ಬಿರುಕಿಗೆ ಗಾರೆ ಮೆತ್ತಿದರು. ಯಾವ ಬಿರುಕಿಗೆ? ಚಿತ್ರದ ಬಿರುಕಿಗೆ! ಪಂಚೆಗೆ! ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಆ ಕೈಗಳಿಗೆ ಬೇರೆ ಕೆಲಸ ಇರಲಿಲ್ಲವೇ?

"ಬಿರುಕು ಕೆರೇಲಿ ಅದೆ ಬುದ್ಧಿ!" ಸಣ್ಣೀರಮ್ಮ ಹಣೆ ಚಚ್ಚಿಕೊಂಡಳು. "ನೀರು ಇನ್ನೂ ಸೋರ್ತಾ ಅದೆ!"

ದೊರೆಗೆ ಸಿಟ್ಟು ನೆತ್ತಿಗೇರಿತು. "ಮುಚ್ಚಿದ ಮೇಲೂ ಸೋರುವುದೇ? ಎಷ್ಟು ಕೊಬ್ಬು! ನೀರು ಇನ್ನೂ ಚಿತ್ರ ನೋಡಿಲ್ಲ, ಅದಕ್ಕೇ. ಹೋಗಿ ತೋರಿಸು!"

ಏನು ಮಾಡುತ್ತಾಳೆ? ಹಿಂದೆ ಈಟಿ ಹಿಡಿದ ಭಟರು. ಏರಿಯ ಮೇಲೆ ನಿಂತು ಪಂಚೆ ಹರವಿ ಹಿಡಿದಳು.

"ಗಂಗವ್ವ ತಾಯೀ, ನೋಡವ್ವ. ಬಿರುಕು ಮುಚ್ಚಾಯ್ತಂತೆ. ನೀನು ಸೋರಬಾರ್ದಂತೆ."

ಮುಂದಿನ ಸಾಲಿನ ನೀರು ನೋಡಿತು. "ಹೌದಲ್ಲ!" ಅಂತ ಸೋರುವುದನ್ನು ನಿಲ್ಲಿಸಿತು. ಹಿಂದಿನ ಸಾಲಿನ ನೀರು ಕೂಗಿತು: "ನಮಗೆ ಕಾಣಾಕಿಲ್ಲ! ಚಿತ್ರ ಸಣ್ಣದು!"

"ಅಲ್ಲೇ ಇರಿ ತಾಯೀ, ನಾನೇ ಬತ್ತೀನಿ!"

"ಬ್ಯಾಡ ಕಣವ್ವ, ವಯಸ್ಸಾದೋಳು ನೀನು. ನಾವೇ ಬತ್ತೀವಿ."

ಬಂತು. ಕೆರೆಗೆ ಕೆರೆಯೇ ಎದ್ದು ಬಂತು.

ಸಣ್ಣೀರಮ್ಮ ಹುಣಸೆಮರ ಹತ್ತಿ ಜೀವ ಉಳಿಸಿಕೊಂಡಳು. ಕಣ್ಣೆದುರೇ ಅವಳ ಮನೆ ಹೋಯಿತು, ಎಮ್ಮೆ ಹೋಯಿತು, ಒಲೆಯ ಮೇಲಿನ ಮಡಕೆಯೂ ಹೋಯಿತು. ದುಂಡರಾಯ ಸಿಂಹಾಸನದ ಮೇಲೆ ಕೂತೇ ಮರದ ಹತ್ತಿರ ತೇಲಿ ಬಂದ.

"ನೋಡೋ ಈಗ!" ಮುದುಕಿ ಕೊಂಬೆಯಿಂದ ಕೈ ಚಾಚಿ ಊರೆಲ್ಲ ತೋರಿಸಿದಳು. "ನಾನು ಹೇಳಿದ್ದು ಇದನ್ನೇ, ನೋಡು!"

ದೊರೆ ಸುತ್ತಲೂ ನೋಡಿದ. ಮುಳುಗಿದ ಮನೆ ನೋಡಿದ, ತೇಲುವ ತೊಟ್ಟಿಲು ನೋಡಿದ. ಅವನ ಕಣ್ಣು ಅರಳಿತು.

"ಆಹಾ! ಚಿತ್ರ ಅಂದರೆ ಇದು! ಎಷ್ಟು ದೊಡ್ಡದು, ಎಷ್ಟು ಸ್ಪಷ್ಟ! ಅಜ್ಜೀ, ನೀನೇ ಬರೆದೆಯಾ?"

ಅಲ್ಲೇ ಸನ್ಮಾನ ಮಾಡಿದ. ಶಾಲು ಹೊದಿಸಿದ. ಶಾಲೂ ಒದ್ದೆ.

ನಗಬೇಡಿ! ನನಗೆ ಮೈಯೆಲ್ಲ ಉರಿಯುತ್ತಿದೆ, ನಿಮಗೆ ನಗುವೇ? ನೀತಿ ಬೇಕಂತೆ ನೀತಿ! ಚಿತ್ರವನ್ನು ಹಿಂದಿನ ಸಾಲಿಗೂ ಕಾಣುವ ಹಾಗೆ ಬರೆಯಿರಿ, ಅಂತ ಆಮೇಲೆ ದೊರೆ ಡಂಗುರ ಸಾರಿಸಿದ. ಅದೇ ನೀತಿ, ತೆಗೆದುಕೊಂಡು ಹೋಗಿ. ಕತೆ ನೀರಿಗಿಳಿಯಿತು, ನಾವು ದಡ ಹತ್ತಿದೆವು. ಸಣ್ಣೀರಮ್ಮ ಮಾತ್ರ ಇನ್ನೂ ಮರದ ಮೇಲೇ ಇದ್ದಾಳೆ.