ಸಣ್ಣ ದನಿ ತಡೆದ ಜರಡಿ

"ಕೇಳಿರಪ್ಪೋ! ದೊರೆ ವೀರಮಲ್ಲನ ಅಪ್ಪಣೆ! ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹೋಗುತ್ತದೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ರಾಜಕುಮಾರಿ ಹೊನ್ನಾಂಬೆಗೆ ಕೋಟೆಯ ಕತ್ತಲೆಕೋಣೆ!" ಎಂದು ಡಂಗುರದವನು ಊರೆಲ್ಲ ಸಾರಿದ.

ಹೊನ್ನಾಂಬೆಗೆ ಏಳು ವರ್ಷ. ಅವಳ ತಪ್ಪು ಇಷ್ಟೇ: ಗುರು 'ಸಸಿ' ಅಂದರೆ ಅವಳು 'ಅಇ' ಅನ್ನುತ್ತಿದ್ದಳು. ಅದಕ್ಕೆ ದಿನಾ ಬೆತ್ತ. ಮಗುವಿನ ಅಂಗೈ ಬಾತಿದ್ದನ್ನು ಕಂಡೂ ಆಸ್ಥಾನದವರು ಎಲೆಅಡಿಕೆ ಜಗಿಯುತ್ತ ಕೂತಿದ್ದರು. ಥೂ!

ಮೊದಲು ಪಂಡಿತನೊಬ್ಬ ಬಂದ.

"ಒಂದೇ ಪೆಟ್ಟಿಗೆ ತನ್ನ ಹುಳುಕನ್ನೆಲ್ಲ ಹೇಳಿಕೊಳ್ಳುವುದು ಯಾವುದು?" ಎಂದು ದೊರೆ ಕೇಳಿದ.

"ಕಳ್ಳ, ಮಹಾಪ್ರಭು," ಅಂತ ಪಂಡಿತ ಹಲ್ಲು ಕಿರಿದ. ತಲೆ ಹೋಯಿತು. ಆಮೇಲೆ ಬಂದ ಸೇನಾಪತಿಯ ಮಗ "ಗುಲಾಮ" ಅಂದ. ಅವನದೂ ಹೋಯಿತು.

ಅರಮನೆಯ ಅಡುಗೆಮನೆಗೆ ಗಡಿಗೆ ಹೊತ್ತು ತಂದಿದ್ದ ಕುಂಬಾರರ ಹುಡುಗ ಸಾತಪ್ಪ ಬಾಗಿಲಿಂದಲೇ, ದೊರೆಯ ಪಕ್ಕ ಕೂತಿದ್ದ ಮಗುವಿನ ಆ ಅಂಗೈ ನೋಡಿದ. ನೇರ ಸಭೆಗೆ ನುಗ್ಗಿದ.

"ಲೇ, ಕೈಯಾದರೂ ತೊಳೆದು ಬಾರೋ," ಅಂದ ಮಂತ್ರಿ.

"ನನ್ನ ಕೈಯದು ಮಣ್ಣು, ಬುದ್ಧೀ, ತೊಳೆದರೆ ಹೋಗುತ್ತೆ. ನಿಮ್ಮ ಕೈಯ ಕೊಳೆ ಹೋಗಲ್ಲ. ಮೊದಲನೆಯದು ಗಡಿಗೆ. ಸಂತೆಯಲ್ಲಿ ಹೆಂಗಸರು ಬೆರಳ ಗೆಣ್ಣಿನಿಂದ ಒಮ್ಮೆ ಬಡೀತಾರೆ. ಗಟ್ಟಿಯಿದ್ದರೆ ಟಣ್ ಅನ್ನುತ್ತೆ, ಬಿರುಕಿದ್ದರೆ ಬದ್ ಅನ್ನುತ್ತೆ. ಒಂದೇ ಪೆಟ್ಟು ಸಾಕು."

ದೊರೆ ಮುಖ ಸಿಂಡರಿಸಿದ. "ಗಂಟಲಿಂದ ಹೊರಡುವ ದನಿ ಒಂದೇ. ಹೊರಗೆ ಬಂದಾಗ ಆ, ಈ, ಊ. ಬದಲಾಯಿಸಿದವರು ಯಾರು?"

"ಬಾಯಿಯ ಆಕಾರ. ಒಂದೇ ಉಸಿರನ್ನು ಹೂಜಿಗೆ ಊದಿದರೆ ಒಂದು ದನಿ, ದೊಡ್ಡ ಗುಡಾಣಕ್ಕೆ ಊದಿದರೆ ಇನ್ನೊಂದು."

"ನಗಾರಿಗೆ ತಿರುಗುವವಳು ಗೆಜ್ಜೆಗೆ ತಿರುಗುವುದಿಲ್ಲ. ಇದು ಯಾವ ಕೊಬ್ಬು?" ಎಂದು ದೊರೆ ಮಗಳತ್ತ ಬೆರಳು ತೋರಿ ಮೂರನೆಯದನ್ನು ಕೇಳಿದ.

"ಕೊಬ್ಬಲ್ಲ, ಜರಡಿ. ನಮ್ಮ ಜರಡಿ ದಪ್ಪ ಮಣ್ಣು ತಡೆದು ಸಣ್ಣದನ್ನು ಬಿಡುತ್ತೆ. ಇವಳ ಕಿವಿ ತಿರುಗಾಮುರುಗಾ. ದಪ್ಪ ದನಿ ಬಿಡುತ್ತೆ, ಸಣ್ಣದನ್ನು ತಡೆಯುತ್ತೆ. 'ಸ' ಸಣ್ಣ ದನಿ, ಇವಳವರೆಗೆ ಬರೋದೇ ಇಲ್ಲ. ಕೇಳಿದ್ದನ್ನೇ ಹೇಳಿದ್ದಾಳೆ. ಅದಕ್ಕೆ ಹೊಡೆದಿದ್ದೀರಿ."

"ಸುಳ್ಳು! ಹಟ ಅದು!" ಗುರು ಚೀರಿದ. ತಲೆ ಕಡಿಯುವ ಕಟುಕ ಸಾತಪ್ಪನ ಮೇಲೆ ಕತ್ತಿ ಎತ್ತಿದ.

ಸಾತಪ್ಪ ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಬಾ ತಾಯಿ." ಅವಳ ಬಾತ ಅಂಗೈಯನ್ನು ತನ್ನ ತುಟಿಯ ಮುಂದೆ ಹಿಡಿದು "ಸ್ಸ್" ಅಂದ. ತಣ್ಣನೆ ಗಾಳಿ ತಗುಲಿತು. ಮಗು ಕಣ್ಣರಳಿಸಿ ಅವನ ಬಾಯಿ ನೋಡಿತು. ತನ್ನ ಅಂಗೈಗೆ ತಾನೇ ಊದಿಕೊಂಡಿತು. ಎರಡು ಸಲ ತಪ್ಪಿ, ಮೂರನೆಯ ಸಲ "ಸ… ಸಿ" ಅಂದಿತು.

ಕಟುಕ ಎತ್ತಿದ ಕತ್ತಿಯನ್ನು ಕೆಳಗಿಟ್ಟ.

"ಅರ್ಧ ರಾಜ್ಯ ತಗೊಳ್ಳಪ್ಪಾ," ಅಂದ ದೊರೆ.

"ಈ ಹೊಲಸು ಯಾರಿಗೆ ಬೇಕು? ಆ ಗುರುವನ್ನು ಓಡಿಸಿ. ಮಗುವನ್ನು ನನಗೆ ಒಪ್ಪಿಸಿ, ಮಾತು ಕಲಿಸುತ್ತೇನೆ."

ಹಾಗೇ ಆಯಿತು. ಕುಂಬಾರ ರಾಜಕುಮಾರಿಯ ಗುರುವಾದ. ದೊರೆ ಮಗಳನ್ನು ತಬ್ಬಿ ಗೊಳೋ ಎಂದು ಅತ್ತ. ಆಸ್ಥಾನದವರೆಲ್ಲ ಎಂಥ ತಂದೆ ಅಂತ ಕಣ್ಣೊರೆಸಿಕೊಂಡರು. ಎಷ್ಟು ಅತ್ತರೂ ಕಡಿದ ಎರಡು ತಲೆ ತಿರುಗಿ ಅಂಟಲಿಲ್ಲ.